ಪಿಕಪ್ ವಾಹನಕ್ಕೆ ಹಿಂದೆ ಜೋಡಿ ಗಾಲಿ: ಹಾಕಿಸುವ ಮುನ್ನ ತಿಳಿಯಬೇಕಾದ ಲೆಕ್ಕ

ತರಕಾರಿ, ಹೂವು, ಮೇವು, ಗೊಬ್ಬರ ಮುಂತಾದವುಗಳ ಸಾಗಣೆಯಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಇಂದು ಬಹುಮಟ್ಟಿಗೆ ಸಣ್ಣ ಪಿಕಪ್ ವಾಹನ ಹಿಡಿದಿದೆ. ಸುಗ್ಗಿಯ ದಿನಗಳಲ್ಲಿ ಒಂದೇ ಸಲಕ್ಕೆ ಹೆಚ್ಚು ಮಾಲು ಮಾರುಕಟ್ಟೆಗೆ ತಲುಪಲಿ ಎಂಬ ಆಸೆ ಎಲ್ಲರಿಗೂ ಸಹಜ. ತಲಾ 15 ಕಿಲೋ ಹಿಡಿಯುವ ಟೊಮೇಟೊ ಪೆಟ್ಟಿಗೆಗಳನ್ನು ಎಂಬತ್ತು, ನೂರು, ನೂರಮೂವತ್ತು ಎಂದು ಏರಿಸುತ್ತ ಹೋದಂತೆ ಹಿಂದಿನ ಟಯರುಗಳು ಚಪ್ಪಟೆಯಾಗುತ್ತವೆ, ತಿರುವಿನಲ್ಲಿ ಗಾಡಿ ಓಲಾಡುತ್ತದೆ, ಬಿಸಿಲಿನಲ್ಲಿ ಟಯರು ಸಿಡಿಯುತ್ತದೆ. ಆಗ ರೈತನ ಮನಸ್ಸಿಗೆ ಬರುವ ಪ್ರಶ್ನೆ ಇದು: "ಲಾರಿಗೆ ಇರುವಂತೆ ಇದಕ್ಕೂ ಹಿಂದೆ ಎರಡೆರಡು ಟಯರು ಹಾಕಿಸಿದರೆ ಹೇಗೆ?"

ಪ್ರಶ್ನೆ ಒಳ್ಳೆಯದೇ. ಲೇತ್ ಮೆಷಿನ್ ಇರುವ ಯಾವುದೇ ಗ್ಯಾರೇಜಿನಲ್ಲಿ ಒಂದು ದಪ್ಪ ಉಕ್ಕಿನ ಬಿಲ್ಲೆಯನ್ನು ಕಡೆದು, ಇರುವ ಗಾಲಿಯ ಹೊರಗೆ ಇನ್ನೊಂದು ಗಾಲಿಯನ್ನು ಬಿಗಿದು ಕೊಡಬಲ್ಲರು. ಆದರೆ ಹಾಗೆ ಮಾಡುವುದರಿಂದ ಬಲವಾಗುವುದು ಯಾವುದು, ಬಲವಾಗದೆ ಉಳಿಯುವುದು ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಈ ಪಾಠದ ಉದ್ದೇಶ ಅದೇ.

ಜೋಡಿ ಗಾಲಿಯಿಂದ ಆಗುವ ಪ್ರಯೋಜನಗಳು

ತಯಾರಕರೇ ಜೋಡಿ ಗಾಲಿ ಇಟ್ಟು ಮಾಡಿದ ವಾಹನದಲ್ಲಿ ಮೂರು ಅನುಕೂಲಗಳು ನಿಜವಾಗಿಯೂ ಇವೆ. ಮೊದಲನೆಯದು, ಹಿಂಭಾರವು ಎರಡು ಟಯರುಗಳಿಗೆ ಬದಲಾಗಿ ನಾಲ್ಕಕ್ಕೆ ಹಂಚಿಹೋಗುತ್ತದೆ. ಎರಡನೆಯದು, ಹಿಂಭಾಗದ ನಿಲುವು ಅಗಲವಾಗುವುದರಿಂದ ಎತ್ತರಕ್ಕೆ ಹೇರಿದ ಹುಲ್ಲು ಅಥವಾ ಪೆಟ್ಟಿಗೆಯ ಹೊರೆ ಕಡಿಮೆ ಓಲಾಡುತ್ತದೆ. ಮೂರನೆಯದು, ಒಂದು ಟಯರಿನ ಗಾಳಿ ಇಳಿದರೂ ಗಾಡಿ ಒಮ್ಮೆಲೇ ಒಂದು ಕಡೆಗೆ ಕುಸಿಯುವುದಿಲ್ಲ. ಚಾಲಕನಿಗೆ ರಸ್ತೆಯ ಬದಿಗೆ ತಂದು ನಿಲ್ಲಿಸಲು ಅವಕಾಶ ಸಿಗುತ್ತದೆ.

1986ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಟಾಟಾ 407ನಂತಹ ಸಣ್ಣ ಲಾರಿಗಳಲ್ಲಿ ಹಿಂದೆ ಜೋಡಿ ಗಾಲಿ ಇರುವುದು ಈ ಕಾರಣಗಳಿಗಾಗಿಯೇ. ಆದರೆ ಅಂತಹ ವಾಹನದಲ್ಲಿ ಗಾಲಿ ಮಾತ್ರವಲ್ಲ, ಆಕ್ಸಲು, ಬೇರಿಂಗು, ಸ್ಪ್ರಿಂಗು, ಬ್ರೇಕು, ಚಾಸಿ ಎಲ್ಲವೂ ಆ ಭಾರಕ್ಕೆ ತಕ್ಕಂತೆ ಇರುತ್ತವೆ ಎಂಬುದನ್ನು ಮರೆಯಬಾರದು.

ಟಯರಿನ ಮೇಲೆ ಬರೆದಿರುವ ಅಂಕಿ

ಪಿಕಪ್ ಮತ್ತು ಸಣ್ಣ ಲಾರಿಗಳ ಟಯರಿನ ಪಕ್ಕದ ಗೋಡೆಯ ಮೇಲೆ ಅಳತೆಯ ನಂತರ 106/104 ಎಂಬಂತೆ ಎರಡು ಅಂಕಿಗಳು ಇರುತ್ತವೆ. ಇವು ಕಿಲೋಗ್ರಾಂ ಅಲ್ಲ, ಭಾರದ ಸೂಚ್ಯಂಕಗಳು. ಮೊದಲನೆಯದು ಟಯರು ಒಂಟಿಯಾಗಿ ಇದ್ದಾಗ, ಎರಡನೆಯದು ಜೋಡಿಯಾಗಿ ಇದ್ದಾಗ ಹೊರಬಹುದಾದ ಭಾರವನ್ನು ಸೂಚಿಸುತ್ತದೆ. 106 ಎಂದರೆ 950 ಕಿಲೋ; 104 ಎಂದರೆ 900 ಕಿಲೋ. ಹಾಗೆಯೇ 112 ಎಂದರೆ 1,120 ಕಿಲೋ, 110 ಎಂದರೆ 1,060 ಕಿಲೋ.

ಜೋಡಿಯಲ್ಲಿ ಪ್ರತಿ ಟಯರಿನ ಭಾರ ಏಕೆ ಕಡಿಮೆ? ಎರಡು ಟಯರುಗಳು ಎಂದಿಗೂ ಸರಿಸಮನಾಗಿ ಹೊರುವುದಿಲ್ಲ. ರಸ್ತೆಯ ನಡು ಎತ್ತರ, ಅಂಚು ತಗ್ಗು. ಒಂದರ ಗಾಳಿ ಹೆಚ್ಚು, ಇನ್ನೊಂದರದು ಕಡಿಮೆ. ಒಂದು ಹೊಸದು, ಇನ್ನೊಂದು ಸವೆದದ್ದು. ಆದುದರಿಂದ ಎರಡು ಟಯರು ಹಾಕಿದರೂ ಒಂದರ ಎರಡರಷ್ಟು ಭಾರ ಹೊರಲು ಆಗದು. ಹೊರಬಹುದಾದ ಈ ಭಾರವೂ ಟಯರಿಗೆ ಗೊತ್ತುಪಡಿಸಿದ ಪೂರ್ತಿ ಗಾಳಿ ಇದ್ದಾಗ ಮಾತ್ರ. ಗಾಳಿ ಕಡಿಮೆ ಇದ್ದು ಹೊರೆ ಹೆಚ್ಚಾದರೆ ಟಯರಿನ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಮಡಿಸಿ ಬಿಸಿಯಾಗುತ್ತದೆ. ಟಯರು ಸಿಡಿಯಲು ಈ ಬಿಸಿಯೇ ಮುಖ್ಯ ಕಾರಣ.

ಒಂದು ಉದಾಹರಣೆ

ಲೆಕ್ಕಕ್ಕಾಗಿ ಒಂದು ಪಿಕಪ್ಪನ್ನು ತೆಗೆದುಕೊಳ್ಳೋಣ. ಖಾಲಿ ತೂಕ 1,600 ಕಿಲೋ. ಇದರಲ್ಲಿ ಮುಂದೆ 900, ಹಿಂದೆ 700. ನೋಂದಣಿ ಪತ್ರದಂತೆ ಒಟ್ಟು ತೂಕ 2,900 ಕಿಲೋ. ಅಂದರೆ ಹೇರಬಹುದಾದ ಮಾಲು 1,300 ಕಿಲೋ. ಹಿಂದಿನ ಆಕ್ಸಲಿನ ಮಿತಿ 1,900 ಕಿಲೋ. ಮಾಲಿನ ಹತ್ತರಲ್ಲಿ ಒಂಬತ್ತು ಪಾಲು ಹಿಂದಿನ ಆಕ್ಸಲಿನ ಮೇಲೆ ಬೀಳುತ್ತದೆ ಎಂದು ಇಟ್ಟುಕೊಳ್ಳೋಣ.

ಮಿತಿಯಲ್ಲಿ ಹೇರಿದಾಗ: 1,300 ಕಿಲೋದಲ್ಲಿ ಹಿಂದಕ್ಕೆ 1,170. ಇದಕ್ಕೆ ಖಾಲಿ ಗಾಡಿಯ 700 ಸೇರಿ 1,870 ಕಿಲೋ. ಪ್ರತಿ ಟಯರಿಗೆ 935 ಕಿಲೋ. 950 ಕಿಲೋದ ಟಯರಿಗೆ ಇದು ಸರಿಯಾಗಿ ಹೊಂದುತ್ತದೆ.

ಮಿತಿಮೀರಿ ಹೇರಿದಾಗ: 2,000 ಕಿಲೋ ಮಾಲು ಹೇರಿದರೆ ಹಿಂದಕ್ಕೆ 1,800; 700 ಸೇರಿ 2,500 ಕಿಲೋ. ಪ್ರತಿ ಟಯರಿಗೆ 1,250 ಕಿಲೋ, ಅಂದರೆ 300 ಕಿಲೋ ಅಧಿಕ. ಟಯರು ಸಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಅದೇ 2,000 ಕಿಲೋಗೆ ಜೋಡಿ ಗಾಲಿ ಹಾಕಿದಾಗ: ಹೆಚ್ಚುವರಿ ಗಾಲಿಗಳ ಸ್ವಂತ ತೂಕವನ್ನು ಬಿಟ್ಟರೂ ನಾಲ್ಕು ಟಯರುಗಳಿಗೆ ತಲಾ 625 ಕಿಲೋ. ಟಯರಿನ ಮಿತಿ 900. ಟಯರು ಹಾಯಾಗಿದೆ, ಚಪ್ಪಟೆಯಾಗುವುದಿಲ್ಲ, ಬಿಸಿಯಾಗುವುದಿಲ್ಲ. ರೈತನಿಗೆ ಸಮಾಧಾನ. ಆದರೆ 1,900 ಕಿಲೋಗೆಂದು ಮಾಡಿದ ಆಕ್ಸಲಿನ ಮೇಲೆ ಈಗಲೂ 2,500 ಕಿಲೋ ಕುಳಿತಿದೆ. ಮೊದಲು ಟಯರು ಚಪ್ಪಟೆಯಾಗಿ "ಇನ್ನು ಹೇರಬೇಡ" ಎಂದು ತೋರಿಸುತ್ತಿತ್ತು. ಈಗ ಆ ಎಚ್ಚರಿಕೆಯೂ ಇಲ್ಲವಾಯಿತು.

ಜೋಡಿ ಗಾಲಿಯ ನಿಜವಾದ ಅಪಾಯ ಇದೇ. ಸರಪಳಿಯ ಒಂದು ಕೊಂಡಿಯನ್ನು ದಪ್ಪ ಮಾಡಿದ ಮಾತ್ರಕ್ಕೆ ಉಳಿದ ಕೊಂಡಿಗಳು ಗಟ್ಟಿಯಾಗುವುದಿಲ್ಲ.

ಆಕ್ಸಲಿನಲ್ಲಿ ಎರಡು ಬಗೆ

ಎತ್ತಿನ ಗಾಡಿಯನ್ನು ನೆನಪಿಗೆ ತಂದುಕೊಳ್ಳಿ. ಅದರ ಇರುಸು ತಿರುಗುವುದಿಲ್ಲ. ಭಾರವನ್ನೆಲ್ಲ ಇರುಸು ಹೊರುತ್ತದೆ. ಗಾಲಿಯ ಗುಂಬ ಮಾತ್ರ ಅದರ ಮೇಲೆ ತಿರುಗುತ್ತದೆ. ಗಾಲಿ ಹೊರಗೆ ಬಾರದಂತೆ ತುದಿಯಲ್ಲಿ ಕಡಾಣಿ ಇರುತ್ತದೆ.

ಲಾರಿಯ ಹಿಂದಿನ ಆಕ್ಸಲು ಹೆಚ್ಚುಕಡಿಮೆ ಇದೇ ರೀತಿಯದು. ಹೊರಗಿನ ಗಟ್ಟಿ ಕೊಳವೆ ಭಾರವನ್ನು ಹೊರುತ್ತದೆ. ಗಾಲಿಯ ಗುಂಬವು ಕೊಳವೆಯ ತುದಿಯಲ್ಲಿ ಎರಡು ಬೇರಿಂಗುಗಳ ಮೇಲೆ ತಿರುಗುತ್ತದೆ. ಒಳಗಿನ ಶಾಫ್ಟು ಎಂಜಿನ್ನಿನ ತಿರುಗುಬಲವನ್ನು ಗಾಲಿಗೆ ತಲುಪಿಸುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಶಾಫ್ಟು ಮುರಿದರೂ ಗಾಲಿ ಕಳಚಿ ಬೀಳದು. ಇದಕ್ಕೆ ಫುಲ್ ಫ್ಲೋಟಿಂಗ್ ಆಕ್ಸಲು ಎಂದು ಹೆಸರು. ಗಾಲಿಯ ನಡುವಿನಿಂದ ಹೊರಕ್ಕೆ ಚಾಚಿದ ಗುಂಬ, ಅದರ ಮುಖದ ಮೇಲೆ ಸುತ್ತಲೂ ಬೋಲ್ಟುಗಳು ಕಂಡರೆ ಇದು ಈ ಬಗೆಯದೆಂದು ಸಾಮಾನ್ಯವಾಗಿ ಗುರುತಿಸಬಹುದು.

ಕಾರು ಮತ್ತು ಹಗುರ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸೆಮಿ ಫ್ಲೋಟಿಂಗ್ ಆಕ್ಸಲು. ಇದರಲ್ಲಿ ಗಾಲಿಯನ್ನು ನೇರವಾಗಿ ಶಾಫ್ಟಿನ ತುದಿಯ ಬಿಲ್ಲೆಗೇ ಬಿಗಿದಿರುತ್ತಾರೆ. ತಿರುಗಿಸುವುದೂ ಅದೇ ಶಾಫ್ಟು, ಭಾರ ಹೊರುವುದೂ ಅದೇ ಶಾಫ್ಟು. ಕೊಳವೆಯ ತುದಿಯಲ್ಲಿರುವ ಬೇರಿಂಗಿನ ಹೊರಗೆ ಶಾಫ್ಟು ಮುರಿದರೆ ಗಾಲಿಯೂ ಗಾಡಿಯಿಂದ ಬೇರೆಯಾಗುತ್ತದೆ. ಮಿತಿಯ ಒಳಗೆ ಇರುವ ಭಾರಕ್ಕೆ ಇದು ಉತ್ತಮವಾದ, ಹಗುರವಾದ ಏರ್ಪಾಟು. ಜೋಡಿ ಗಾಲಿ ತಗುಲಿಸುವುದಕ್ಕೆ ಮಾತ್ರ ಇದು ತಕ್ಕದ್ದಲ್ಲ.

ಸನ್ನೆಗೋಲಿನ ಲೆಕ್ಕ

ಸನ್ನೆಗೋಲು ಉದ್ದವಾದಷ್ಟೂ ಮೀಟುವ ಬಲ ಹೆಚ್ಚು ಎಂಬುದು ಕಲ್ಲು ಕಿತ್ತ ರೈತನಿಗೆ ಹೇಳಬೇಕಾಗಿಲ್ಲ. ಶಾಫ್ಟಿನ ತುದಿಯಲ್ಲಿ ಗಾಲಿ ಹೊರಕ್ಕೆ ಹೋದಷ್ಟೂ ಅದು ಸನ್ನೆಗೋಲಿನಂತೆ ಶಾಫ್ಟನ್ನು ಬಾಗಿಸುತ್ತದೆ.

ಬೇರಿಂಗಿನಿಂದ ಟಯರಿನ ನಡುವಿಗೆ 5 ಸೆಂ.ಮೀ., ಒಂದು ಬದಿಯ ಭಾರ 900 ಕಿಲೋ ಎಂದು ಹಿಡಿಯೋಣ. ಬಾಗಿಸುವ ಬಲ 900 × 5 = 4,500 ಕಿಲೋ-ಸೆಂ.ಮೀ. ಈಗ ಬಿಲ್ಲೆ ಕೊಟ್ಟು, ಮೊದಲ ಗಾಲಿಯಿಂದ 22 ಸೆಂ.ಮೀ. ಹೊರಗೆ ಎರಡನೆಯದನ್ನು ಬಿಗಿದರೆ ಜೋಡಿಯ ನಡುವು ಬೇರಿಂಗಿನಿಂದ 16 ಸೆಂ.ಮೀ. ದೂರಕ್ಕೆ ಹೋಗುತ್ತದೆ. ಒಂದು ಕಿಲೋ ಮಾಲನ್ನೂ ಹೆಚ್ಚು ಹೇರದಿದ್ದರೂ ಬಾಗಿಸುವ ಬಲ 900 × 16 = 14,400 ಆಗುತ್ತದೆ, ಅಂದರೆ ಮೂರು ಪಟ್ಟಿಗೂ ಅಧಿಕ. ಭಾರವನ್ನು 1,250 ಕಿಲೋಗೆ ಏರಿಸಿದರೆ 20,000, ಸುಮಾರು ನಾಲ್ಕೂವರೆ ಪಟ್ಟು. ಹೊರಗಿನ ಟಯರು ಒಂದೇ ಕಲ್ಲಿನ ಮೇಲೆ ಹತ್ತಿದ ಗಳಿಗೆಯಲ್ಲಿ ಭಾರವೆಲ್ಲ 27 ಸೆಂ.ಮೀ. ದೂರದಲ್ಲಿ ಬೀಳುತ್ತದೆ; ಆಗಿನ ಬಲ ಇನ್ನೂ ಅಧಿಕ.

ತಿರುಗುವ ಶಾಫ್ಟು ಪ್ರತಿ ಸುತ್ತಿನಲ್ಲಿಯೂ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬಾಗಿದಂತಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಉಕ್ಕಿನ ಶಾಫ್ಟಿನಲ್ಲಿಯೂ ಹೀಗೆಯೇ ಕೂದಲೆಳೆಯಷ್ಟು ಸೀಳು ಹುಟ್ಟಿ, ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಬೆಳೆದು, ಒಂದು ದಿನ ತುಂಡಾಗುತ್ತದೆ. "ಆರು ತಿಂಗಳಿಂದ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ" ಎನ್ನುವುದು ಆದಕಾರಣ ಭರವಸೆಯ ಮಾತಲ್ಲ.

ಅಮೆರಿಕದ ಒಂದು ಪಾಠ

ಇದು ಬರಿಯ ಊಹೆಯಲ್ಲ. 1970 ಮತ್ತು 1980ರ ದಶಕಗಳಲ್ಲಿ ಅಮೆರಿಕದಲ್ಲಿ ಟೊಯೊಟಾ ಸಣ್ಣ ಪಿಕಪ್ಪಿನ ಚಾಸಿಯ ಮೇಲೆ ಮಲಗುವ ಕೋಣೆ, ಅಡಿಗೆಮನೆ, ನೀರಿನ ತೊಟ್ಟಿ ಎಲ್ಲ ಇರುವ ಮನೆಗಾಡಿಗಳನ್ನು ಬೇರೆ ಬೇರೆ ಕಂಪನಿಗಳು ಕಟ್ಟಿ ಮಾರುತ್ತಿದ್ದವು. ಖಾಲಿಯಾಗಿ ನಿಂತಾಗಲೂ ಮನೆಯ ಭಾರ ಇಳಿಯುವುದಿಲ್ಲವಾದ್ದರಿಂದ ಹಿಂದಿನ ಆಕ್ಸಲು ಸದಾ ಹೊರೆಯ ಕೆಳಗೇ ಇರುತ್ತಿತ್ತು. ಹಲವು ಗಾಡಿಗಳಲ್ಲಿ ಐದು ಸ್ಟಡ್ಡುಗಳ ಹಗುರ ಸೆಮಿ ಫ್ಲೋಟಿಂಗ್ ಆಕ್ಸಲಿಗೇ ಜೋಡಿ ಗಾಲಿ ಬಿಗಿಯಲಾಗಿತ್ತು. ಹೊರಗಿನಿಂದ ನೋಡಿದರೆ ಲಾರಿಯ ಗಟ್ಟಿತನ. ಒಳಗೆ ಇದ್ದದ್ದು ಪಿಕಪ್ಪಿನ ಶಾಫ್ಟು. ಶಾಫ್ಟು ಮುರಿದು ಗಾಲಿ ಕಳಚಿಹೋದ ಪ್ರಕರಣಗಳು ಆದವು. ಕಡೆಗೆ ಇಂತಹ ಗಾಡಿಗಳನ್ನು ಹಿಂದಕ್ಕೆ ಕರೆಸಿ, ಆರು ಸ್ಟಡ್ಡುಗಳ ಫುಲ್ ಫ್ಲೋಟಿಂಗ್ ಆಕ್ಸಲನ್ನು ಅಳವಡಿಸಬೇಕಾಯಿತು. ನಂತರದ ಮನೆಗಾಡಿಗಳು ಆ ಆಕ್ಸಲಿನೊಂದಿಗೇ ಬಂದವು.

ಇದರಿಂದ ತಿಳಿಯುವುದೇನೆಂದರೆ, ಜೋಡಿ ಗಾಲಿ ಎಂಬುದು ಗಾಲಿಯ ಬದಲಾವಣೆಯಲ್ಲ, ಆಕ್ಸಲಿನ ಬದಲಾವಣೆ.

ಸರಿಯಾದ ಪರಿವರ್ತನೆಗೆ ಬೇಕಾದುವು

ಸಣ್ಣ ಪಿಕಪ್ಪನ್ನು ಕ್ರಮಬದ್ಧವಾಗಿ ಜೋಡಿ ಗಾಲಿಗೆ ಪರಿವರ್ತಿಸಬೇಕಾದರೆ ಕೆಳಗಿನವೆಲ್ಲ ಬೇಕಾಗುತ್ತವೆ.

1. ಜೋಡಿ ಗಾಲಿಗೆಂದೇ ಮಾಡಿದ ಫುಲ್ ಫ್ಲೋಟಿಂಗ್ ಆಕ್ಸಲು, ಅದರ ಗುಂಬ ಮತ್ತು ಸ್ಟಡ್ಡುಗಳೊಂದಿಗೆ.
2. ಒಳಕ್ಕೆ ಆಳವಾಗಿ ಬಾಗಿದ, ಬೆನ್ನಿಗೆ ಬೆನ್ನು ಕೂರುವ ರಿಮ್ಮುಗಳು. ಇವುಗಳಿಂದ ಜೋಡಿಯ ನಡುವು ಬೇರಿಂಗುಗಳ ಸಮೀಪವೇ ಉಳಿಯುತ್ತದೆ.
3. ಹೊರೆ ಹೇರಿದಾಗ ಉಬ್ಬಿದ ಟಯರುಗಳು ಒಂದಕ್ಕೊಂದು ತಾಗದಷ್ಟು ಸಂದು.
4. ಹೆಚ್ಚಿನ ಭಾರಕ್ಕೆ ತಕ್ಕ ಪಟ್ಟಿ ಸ್ಪ್ರಿಂಗು ಮತ್ತು ಚಾಸಿ.
5. ತಕ್ಕ ಬ್ರೇಕು. ಅದೇ ವೇಗದಲ್ಲಿ ಭಾರ ಒಂದೂವರೆ ಪಟ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿಯೂ ಒಂದೂವರೆ ಪಟ್ಟಾಗುತ್ತದೆ.
6. ಹೊರಗಿನ ಟಯರನ್ನು ಪೂರ್ತಿ ಮುಚ್ಚುವ ಮಡ್‌ಗಾರ್ಡು.

ಇಷ್ಟನ್ನೂ ಕೂಡಿಸಿದರೆ ಅದು ಬಹುಮಟ್ಟಿಗೆ ಬೇರೆಯೇ ವಾಹನವಾಗುತ್ತದೆ. ಖರ್ಚಿನ ಲೆಕ್ಕ ಹಾಕಿದವರು ಮೊದಲೇ ಆರು ಗಾಲಿ ಇರುವ ಹಳೆಯ ಸಣ್ಣ ಲಾರಿಯನ್ನು ಕೊಳ್ಳುವುದೇ ಮೇಲೆಂದು ಕಾಣುವುದುಂಟು.

ಕಾಯಿದೆ ಏನು ಹೇಳುತ್ತದೆ?

ಸಾಗಣೆ ವಾಹನದ ನೋಂದಣಿಯಲ್ಲಿ ಒಟ್ಟು ತೂಕ, ಆಕ್ಸಲಿನ ತೂಕ, ಟಯರುಗಳ ಸಂಖ್ಯೆ ಮತ್ತು ಅಳತೆ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ಮಾಲೀಕರು ವಾಹನವನ್ನು ಮಾರ್ಪಡಿಸಬಾರದು. 2019ರ ತಿದ್ದುಪಡಿಯಿಂದ ಇಂತಹ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಮಿತಿಮೀರಿದ ಹೊರೆಗೆ ಕಾಯಿದೆಯಲ್ಲಿ ಹೇಳಿರುವ ದಂಡ 20,000 ರೂಪಾಯಿ. ಹೆಚ್ಚಾದ ಪ್ರತಿ ಟನ್ನಿಗೆ ಮೇಲೆ 2,000 ರೂಪಾಯಿ. ಹೆಚ್ಚಿನ ಮಾಲನ್ನು ಇಳಿಸುವ ಖರ್ಚೂ ಮಾಲೀಕರದೇ.

ಎರಡು ಟಯರು ಹೆಚ್ಚು ಕಂಡ ಮಾತ್ರಕ್ಕೆ ನೋಂದಣಿ ಪತ್ರದ ಒಟ್ಟು ತೂಕ ಹೆಚ್ಚುವುದಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಉದಾಹರಣೆಯ ಗಾಡಿ ಜೋಡಿ ಗಾಲಿಯ ನಂತರವೂ 2,900 ಕಿಲೋದ ಗಾಡಿಯೇ. ಹೊಸ ಗಾಲಿ ಮತ್ತು ಬಿಲ್ಲೆಗಳ ತೂಕ ಸೇರಿದಷ್ಟೂ ಹೇರಬಹುದಾದ ಮಾಲು ಕಡಿಮೆಯಾಗುತ್ತದೆ! ಇದಲ್ಲದೆ, ತಿಳಿಸದೆ ಮಾರ್ಪಡಿಸಿದ ವಾಹನ ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಹಣಕ್ಕೆ ತಕರಾರು ಬರುವ ಸಂಭವವಿದೆ.

ಹೊಲದ ಮಣ್ಣಿನ ದೃಷ್ಟಿಯಿಂದ

"ಜೋಡಿ ಗಾಲಿಯಾದರೆ ಹೊಲದಲ್ಲಿ ಹೂಳುವುದಿಲ್ಲ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಟಯರು ನೆಲವನ್ನು ಒತ್ತುವ ಒತ್ತಡ ಸುಮಾರಾಗಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಒಂದು ಬದಿಯಲ್ಲಿ 800 ಕಿಲೋ ಭಾರ, ಗಾಳಿ ಚದರ ಸೆಂ.ಮೀ.ಗೆ 4 ಕಿಲೋ (ಸುಮಾರು 57 ಪೌಂಡು) ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 200 ಚದರ ಸೆಂ.ಮೀ. ಅದೇ ಭಾರವನ್ನು ಎರಡು ಟಯರಿಗೆ ಹಂಚಿ ಗಾಳಿಯನ್ನು 3 ಕಿಲೋಗೆ ಇಳಿಸಿದರೆ ತಾಗುವ ಜಾಗ ಸುಮಾರು 267 ಚದರ ಸೆಂ.ಮೀ. ಮೇಲ್ಮಣ್ಣಿಗೆ ಇದರಿಂದ ಒಳ್ಳೆಯದೇ.

ಆದರೆ ಕೆಳಮಣ್ಣು ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಆಕ್ಸಲಿನ ಒಟ್ಟು ಭಾರ. ಜೋಡಿ ಗಾಲಿಯ ನೆಪದಲ್ಲಿ ಹೊರೆ ಏರಿಸಿದರೆ ನೇಗಿಲಿಗೆ ಸಿಗದ ಆಳದಲ್ಲಿ ಮಣ್ಣು ಬಿಗಿಯುತ್ತದೆ. ಬೇರು ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಎರೆಭೂಮಿಯಲ್ಲಿ ಮಳೆಯಾದ ಮೇಲೆ ಎರಡು ಟಯರುಗಳ ಸಂದಿಯಲ್ಲಿ ಜಿಗುಟು ಮಣ್ಣು ತುಂಬಿಕೊಳ್ಳುವುದೂ ಉಂಟು. ಹಸಿ ನೆಲಕ್ಕೆ ಹೊರೆಗಾಡಿಯನ್ನು ಇಳಿಸದೆ ಬದುವಿನ ಹಾದಿಯಲ್ಲಿ ನಿಲ್ಲಿಸಿ ಮಾಲನ್ನು ತಂದು ತುಂಬುವುದೇ ಲೇಸು.

ಹಾಗಾದರೆ ರೈತರು ಏನು ಮಾಡಬೇಕು?

ಮೊದಲು ತೂಕ ಮಾಡಿಸಿರಿ. ಎಂದಿನಂತೆ ಹೊರೆ ಹೇರಿ ವೇಬ್ರಿಜ್ಜಿಗೆ ಹೋಗಿ, ಒಮ್ಮೆ ಇಡೀ ಗಾಡಿಯನ್ನು ತೂಗಿಸಬೇಕು. ಅನಂತರ ಮುಂದಿನ ಗಾಲಿಗಳು ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹಿಂದಿನ ಆಕ್ಸಲಿನ ಭಾರ ಸಿಗುತ್ತದೆ. ತಟ್ಟೆಯ ಹೊರಗಿನ ನೆಲ ತಟ್ಟೆಗೆ ಸಮನಾಗಿರಬೇಕು. ಬಂದ ಅಂಕಿಯನ್ನು ನೋಂದಣಿ ವಿವರಕ್ಕೂ ಟಯರಿನ ಸೂಚ್ಯಂಕಕ್ಕೂ ಹೋಲಿಸಿ ನೋಡಿರಿ.

ಭಾರ ಮಿತಿಯಲ್ಲಿದ್ದೂ ಟಯರು ಕೆಡುತ್ತಿದ್ದರೆ, ಗಾಳಿಯನ್ನು ಟಯರು ತಣ್ಣಗಿರುವಾಗ ವಾರಕ್ಕೊಮ್ಮೆ ಅಳೆಯಿರಿ. ನೋಂದಾಯಿತ ಅಳತೆಯ, ಸರಿಯಾದ ಭಾರ ಸೂಚ್ಯಂಕದ ಟಯರನ್ನೇ ಹಾಕಿಸಿರಿ. ಕುಗ್ಗಿದ ಸ್ಪ್ರಿಂಗ್ ಪಟ್ಟಿಗಳನ್ನು ಬದಲಾಯಿಸಿರಿ.

ಗಾಡಿ ಓಲಾಡುತ್ತಿದ್ದರೆ, ಭಾರದ ಮಾಲನ್ನು ಕೆಳಗೂ ಮುಂದಕ್ಕೂ ಇಡಿರಿ. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ಅಂತರ 300 ಸೆಂ.ಮೀ. ಎಂದಿಟ್ಟುಕೊಂಡರೆ, ಮಾಲಿನ ನಡುವು ಮುಂದಿನ ಆಕ್ಸಲಿನಿಂದ 270 ಸೆಂ.ಮೀ.ಗೆ ಇದ್ದಾಗ ಶೇಕಡಾ 90 ಭಾಗ ಹಿಂದಕ್ಕೆ ಬೀಳುತ್ತದೆ. 330 ಸೆಂ.ಮೀ.ಗೆ ಸರಿದರೆ ಶೇಕಡಾ 110 ಭಾಗ ಹಿಂದಕ್ಕೆ ಬಿದ್ದು, ಮುಂಭಾಗವೇ ಹಗುರಾಗಿ ಸ್ಟೀರಿಂಗು ಹಿಡಿತ ತಪ್ಪುತ್ತದೆ.

ಹೊರೆಯೇ ಹೆಚ್ಚಾಗಿದ್ದರೆ, ಎರಡು ಸಲ ಹೋಗಿರಿ. ಇಲ್ಲವೆ ನೆರೆಹೊರೆಯವರು ಕೂಡಿ ದೊಡ್ಡ ವಾಹನವನ್ನು ಬಾಡಿಗೆಗೆ ಹಿಡಿಯಿರಿ. ವರ್ಷವಿಡೀ ಎರಡು ಟನ್ನಿಗೆ ಮೀರಿದ ಸಾಗಣೆ ಇರುವವರು ತಯಾರಕರೇ ಜೋಡಿ ಗಾಲಿ ಇಟ್ಟ ವಾಹನವನ್ನು ಕೊಳ್ಳುವುದು ಸೂಕ್ತ. ಒಟ್ಟು ತೂಕ 7,500 ಕಿಲೋ ಮೀರದ ಸಾಗಣೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸಿನಲ್ಲಿಯೇ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಆದರೆ ಒಟ್ಟು ತೂಕ 3,000 ಕಿಲೋ ಮೀರಿದ ಸರಕು ವಾಹನಕ್ಕೆ ಪರ್ಮಿಟ್ಟಿನ ವಿಷಯವನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಜೋಡಿ ಗಾಲಿಯ ವಾಹನ ಇರುವವರಿಗೆ ಕೆಲವು ಸೂಚನೆಗಳು

- ಜೋಡಿಯ ಎರಡೂ ಟಯರುಗಳ ಅಳತೆ, ಬಗೆ ಒಂದೇ ಆಗಿರಲಿ. ಸಣ್ಣ ಲಾರಿಯ ಟಯರುಗಳಲ್ಲಿ ಅಡ್ಡಳತೆಯ ವ್ಯತ್ಯಾಸ 6 ಮಿ.ಮೀ. ಮೀರಬಾರದು. ಸ್ವಲ್ಪ ವ್ಯತ್ಯಾಸ ಅನಿವಾರ್ಯವಾದರೆ ಚಿಕ್ಕದನ್ನು ಒಳಗೆ ಹಾಕಿರಿ.
- ಎರಡರಲ್ಲಿಯೂ ಗಾಳಿ ಒಂದೇ ಸಮ ಇರಲಿ. ಒಳಗಿನ ಟಯರಿನ ಗಾಳಿ ಇಳಿದರೆ ಹೊರಗೆ ಕಾಣುವುದಿಲ್ಲ. ಲಾರಿ ಕ್ಲೀನರುಗಳು ಕೋಲಿನಿಂದ ಬಡಿದು ಸದ್ದು ಕೇಳುವುದು ಒಳ್ಳೆಯ ರೂಢಿ. ಆದರೂ ಮೀಟರಿನಿಂದ ಅಳೆಯುವುದನ್ನು ಬಿಡಬಾರದು.
- ಹೊರಡುವ ಮುನ್ನ ಸಂದಿಯಲ್ಲಿ ಕಲ್ಲು ಸಿಕ್ಕಿದೆಯೇ ನೋಡಿರಿ. ಸಿಕ್ಕಿದ ಕಲ್ಲು ಎರಡೂ ಟಯರುಗಳನ್ನು ಕೊರೆಯುತ್ತದೆ; ಚಿಮ್ಮಿ ಹಿಂದೆ ಬರುವವರಿಗೂ ತಗುಲೀತು.
- ಗಾಲಿ ಬಿಚ್ಚಿ ಬಿಗಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿಯಿರಿ. ನಟ್ಟಿನ ಸುತ್ತ ತುಕ್ಕಿನ ಗೆರೆ ಕಂಡರೆ ಅದು ಸಡಿಲವಾಗಿದೆ ಎಂದು ತಿಳಿಯಿರಿ.

ಸಾರಾಂಶ

ಜೋಡಿ ಗಾಲಿ ಬಲಪಡಿಸುವುದು ಟಯರನ್ನು ಮಾತ್ರ. ಆಕ್ಸಲು, ಬೇರಿಂಗು, ಸ್ಪ್ರಿಂಗು, ಬ್ರೇಕು, ಚಾಸಿ ಇದ್ದಂತೆಯೇ ಇರುತ್ತವೆ. ಬಿಲ್ಲೆ ಕೊಟ್ಟು ಗಾಲಿಯನ್ನು ಹೊರಕ್ಕೆ ಸರಿಸಿದರೆ ಶಾಫ್ಟಿನ ಮೇಲಿನ ಬಲ ಹೊರೆ ಹೆಚ್ಚದೆಯೂ ಹಲವು ಪಟ್ಟಾಗುತ್ತದೆ. ಆದುದರಿಂದ ಸಣ್ಣ ಪಿಕಪ್ಪಿಗೆ ಗ್ಯಾರೇಜಿನಲ್ಲಿ ಜೋಡಿ ಗಾಲಿ ಹಾಕಿಸಬಾರದು.

ವಿಸ್ತರಣಾ ಕಾರ್ಯಕರ್ತರು ತಮ್ಮ ಗ್ರಾಮದ ಎರಡು ಮೂರು ಪಿಕಪ್ಪುಗಳನ್ನು ಸುಗ್ಗಿಗೆ ಮುಂಚೆ ಹೊರೆಸಹಿತ ವೇಬ್ರಿಜ್ಜಿಗೆ ಒಯ್ದು, ಆಕ್ಸಲಿನ ತೂಕವನ್ನು ರೈತರ ಕೈಯಿಂದಲೇ ಬರೆಸಿದರೆ ಈ ಪಾಠ ಮನದಟ್ಟಾಗುತ್ತದೆ. ತೂಕದ ಚೀಟಿಗೆ ಆಗುವ ಖರ್ಚು ಅಲ್ಪ. ನಡುರಸ್ತೆಯಲ್ಲಿ ಗಾಲಿ ಕಳಚಿದರೆ ಆಗುವ ನಷ್ಟದಲ್ಲಿ ಮಾಲಷ್ಟೇ ಅಲ್ಲ, ಗಾಡಿಯಲ್ಲಿ ಕುಳಿತವರ ಮತ್ತು ಎದುರಿಗೆ ಬರುವವರ ಪ್ರಾಣವೂ ಸೇರಿರುತ್ತದೆ.